ಡೋಣಿಯ ಮಸಾರಿ ಹೊಲದಲ್ಲಿ ಗಾಳೆತ್ತು

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಗಿನ ಐದೂವರೆಗೆ ನಾವು ಧಾರವಾಡ ಬಿಟ್ಟೆವು. ನಾವು ಎಂದರೆ ನಾನು, ಡಿಪ್ಲೊಮಾ ಕೊನೆಯ ವರ್ಷದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ, ಮತ್ತು ಬಾಡಿಗೆ ಗಾಡಿಯ ಹಿಂಭಾಗದಲ್ಲಿ ಹಳೆಯ ಕೌದಿಯ ಮೇಲೆ ಮಲಗಿಸಿದ್ದ ಹನ್ನೆರಡು ಕಾಲಿನ ಒಂದು ಆಕೃತಿ. ಗೋಡೆಯೊಳಗೆ ವಿದ್ಯುತ್ ತಂತಿ ಹಾಯಿಸಲು ಕೂಡಿಸುವ ಪ್ಲಾಸ್ಟಿಕ್ ಪೈಪು, ಕೇಬಲ್ ಟೈ, ಒಂದಿಷ್ಟು ನಟ್ಟು ಬೋಲ್ಟು ಮತ್ತು ಮುರಿದ ಛತ್ರಿಗಳಿಂದ ಬಿಚ್ಚಿ ತೆಗೆದ ಬಟ್ಟೆ, ಇಷ್ಟರಲ್ಲೇ ಅದನ್ನು ಕಟ್ಟಿದ್ದೆವು. ಅದಕ್ಕೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಗಾಳಿ ಬೀಸಿದರೆ ಅದು ನಡೆಯಬೇಕು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಕೈಯಿಂದ ತಳ್ಳಿದಾಗ ಅದು ಸೊಗಸಾಗಿ ನಡೆದಿತ್ತು. ಆಷಾಢದ ಹೊಸ್ತಿಲಿನ ಗಾಳಿಗೆ ಬಯಲಿನಲ್ಲಿಯೂ ನಡೆದೀತೇ ಎಂದು ನೋಡುವುದಕ್ಕಾಗಿ ಕಪ್ಪತಗುಡ್ಡದ ತಪ್ಪಲಿನ ಡೋಣಿಯ ಕಡೆಗೆ ಹೊರಟಿದ್ದೆವು. ಅಲ್ಲಿ ಅಳಿಯನ ಸಹಪಾಠಿಯ ಮನೆತನದ ಹೊಲಗಳಿವೆ.

ಈ ಆಕೃತಿಯ ಮೂಲ ನಮ್ಮದಲ್ಲ. ನೆದರ್‌ಲ್ಯಾಂಡ್ಸ್ ದೇಶದ ಸ್ಖೇವನಿಂಗನ್ ಎಂಬ ಕಡಲತಡಿಯ ಊರಿನಲ್ಲಿ 1948ರಲ್ಲಿ ಹುಟ್ಟಿದ ಥಿಯೋ ಯಾನ್ಸೆನ್ ಎಂಬ ಕಲಾವಿದ 1990ರಿಂದ ಇಂಥ ಜೀವಿಗಳನ್ನು ಕಟ್ಟುತ್ತ ಬಂದಿದ್ದಾರೆ. ಅವುಗಳಿಗೆ ಅವರು ಇಟ್ಟ ಹೆಸರು ಸ್ಟ್ರಾಂಡ್‌ಬೀಸ್ಟ್, ಅಂದರೆ ಕಡಲತಡಿಯ ಮೃಗ. ಡೆಲ್ಫ್ಟ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಅವರು ಅದನ್ನು ನಡುವೆಯೇ ಬಿಟ್ಟು ಚಿತ್ರಕಲೆಗೆ ಹೋದರು. ಆದರೆ ಭೌತಶಾಸ್ತ್ರ ಅವರನ್ನು ಬಿಡಲಿಲ್ಲ ಎಂಬುದಕ್ಕೆ ಈ ಮೃಗಗಳೇ ಸಾಕ್ಷಿ. ಸಮುದ್ರಮಟ್ಟ ಏರಿ ತಮ್ಮ ತಗ್ಗುನಾಡು ಮುಳುಗಬಹುದೆಂಬ ಆತಂಕದಲ್ಲಿ, ಮರಳನ್ನು ಎತ್ತಿ ದಿಬ್ಬಗಳತ್ತ ಎರಚುವ, ಗಾಳಿಯಿಂದಲೇ ನಡೆಯುವ ಪ್ರಾಣಿಗಳನ್ನು ಅವರು ಮೊದಲು ಪತ್ರಿಕೆಯ ಅಂಕಣವೊಂದರಲ್ಲಿ ಕಲ್ಪಿಸಿಕೊಂಡರು, ಆಮೇಲೆ ಕೈಗೆ ಪೈಪು ಎತ್ತಿಕೊಂಡರು. ಮೊದಲ ಮೃಗದ ಕೀಲುಗಳನ್ನು ಅಂಟುಪಟ್ಟಿಯಿಂದ ಸುತ್ತಿದ್ದರಿಂದ ಅದಕ್ಕೆ ಎದ್ದು ನಿಲ್ಲಲಾಗಲಿಲ್ಲ. ಅಂಗಾತ ಮಲಗಿ ಕಾಲಾಡಿಸುವುದಷ್ಟೇ ಅದರಿಂದ ಸಾಧ್ಯವಾಯಿತು. ಮುಂದೆ ಅಂಟುಪಟ್ಟಿಯ ಜಾಗಕ್ಕೆ ನೈಲಾನ್ ಕೇಬಲ್ ಟೈ ಬಂದ ಮೇಲೆಯೇ ಮೃಗಗಳು ತಮ್ಮ ಕಾಲ ಮೇಲೆ ನಿಂತವು.

ನನಗೆ ಅತ್ಯಂತ ಆಶ್ಚರ್ಯವೆನಿಸುವುದು ಆ ಕಾಲಿನ ಅಳತೆಗಳು. ಕಾಲುಗಳನ್ನು ಆಡಿಸುವ ಅಚ್ಚಿನ ಬಾಗು, ಅಂದರೆ ಕ್ರ್ಯಾಂಕ್, ಗುಂಡಗೆ ತಿರುಗುತ್ತದೆ, ಆದರೆ ಪಾದ ಗುಂಡಗೆ ತಿರುಗಿದರೆ ನಡಿಗೆಯಾಗುವುದಿಲ್ಲ. ಪಾದವು ನೆಲದ ಮೇಲೆ ಸಪಾಟಾಗಿ ಹಿಂದಕ್ಕೆ ಸರಿದು, ಬಳಿಕ ಮೇಲೆದ್ದು, ಬೇಗನೆ ಮುಂದಕ್ಕೆ ಬಂದು ಮತ್ತೆ ನೆಲ ಮುಟ್ಟಬೇಕು. ದುಂಡು ಚಲನೆಯನ್ನು ಹೀಗೆ ತಳ ಚಪ್ಪಟೆಯಾದ ದಾರಿಗೆ ಇಳಿಸಬಲ್ಲ ಪೈಪುಗಳ ಉದ್ದ ಎಷ್ಟಿರಬೇಕು? ಯಾನ್ಸೆನ್ ಇದನ್ನು ತಮ್ಮ ಅಟಾರಿ ಕಂಪ್ಯೂಟರಿಗೆ ಕೇಳಿದರು. ಅದು ಮನಬಂದ ಅಳತೆಯ 1,500 ಕಾಲುಗಳನ್ನು ಲೆಕ್ಕದಲ್ಲಿ ಹುಟ್ಟಿಸಿ, ಅವುಗಳಲ್ಲಿ ಚೆನ್ನಾಗಿ ನಡೆಯಬಲ್ಲ 100 ಕಾಲುಗಳನ್ನು ಆರಿಸಿ, ಅವುಗಳ ಅಳತೆಗಳನ್ನು ಬೆರೆಸಿ ಮತ್ತೆ 1,500 ಕಾಲುಗಳನ್ನು ಮಾಡಿತು. ಒಳ್ಳೆಯ ಜೋಳದ ತೆನೆಯನ್ನು ಬೀಜಕ್ಕೆಂದು ತೆಗೆದಿಡುವ ರೈತನಂತೆ ಆ ಯಂತ್ರ ತಿಂಗಳುಗಟ್ಟಲೆ ಹಗಲೂ ರಾತ್ರಿ ಆರಿಸುತ್ತಲೇ ಹೋಯಿತು. ಕೊನೆಗೆ ಉಳಿದ ಅಳತೆಗಳನ್ನು ಯಾನ್ಸೆನ್ ಪವಿತ್ರ ಸಂಖ್ಯೆಗಳೆಂದು ಕರೆದರು, ಮತ್ತು ಅವನ್ನು ಬಚ್ಚಿಡದೆ ಎಲ್ಲರಿಗೂ ಕೊಟ್ಟರು. ಪ್ರತಿ ಕಾಲಿನಲ್ಲಿ ಮೇಲೊಂದು, ಪಾದದ ಬಳಿ ಒಂದು, ಹೀಗೆ ಪೈಪಿನ ಎರಡು ತ್ರಿಕೋನಗಳಿರುತ್ತವೆ. ಕ್ರ್ಯಾಂಕ್ 15 ಮಾನ ಇದ್ದರೆ ಪಾದದ ತ್ರಿಕೋನದ ಉದ್ದನೆಯ ಬದಿ 65.7, ಕ್ರ್ಯಾಂಕಿನಿಂದ ಮೇಲಿನ ತ್ರಿಕೋನಕ್ಕೆ ಹೋಗುವ ಪೈಪು 50, ಕೆಳಗೆ ಇಳಿಯುವುದು 61.9. ನಾವು ಒಂದು ಮಾನಕ್ಕೆ 4 ಮಿಲಿಮೀಟರ್ ಹಿಡಿದೆವು. ಆಗ ಕ್ರ್ಯಾಂಕ್ 60 ಮಿಲಿಮೀಟರ್, ಉದ್ದನೆಯ ಬದಿ 263 ಮಿಲಿಮೀಟರ್ ಆಯಿತು. ಒಂದು ಕಾಲಿಗೆ 10 ತುಂಡುಗಳಂತೆ ಹನ್ನೆರಡು ಕಾಲುಗಳಿಗೆ 120 ತುಂಡುಗಳನ್ನು ಕೊಯ್ದು, ತೂತು ಕೊರೆದು ಜೋಡಿಸುವುದಕ್ಕೆ ನಮಗೆ ಎರಡು ತಿಂಗಳ ರವಿವಾರಗಳು ಹಿಡಿದವು.

ಹುಬ್ಬಳ್ಳಿ ದಾಟಿ ಗದಗದ ಹಾದಿ ಹಿಡಿದಾಗ ಬೆಳಕು ಹರಿದಿತ್ತು. ಪಂಪನ ಹುಟ್ಟೂರು ಎನಿಸಿಕೊಂಡ ಅಣ್ಣಿಗೇರಿಯ ಆಚೀಚೆ ಕಣ್ಣು ಹಾಯುವವರೆಗೂ ಕಪ್ಪು ಮಣ್ಣಿನ ಎರೆ ಹೊಲ. ಕೆಲವು ಕಡೆ ಹೆಸರು ಮೊಳೆತು ಎರಡೆಲೆ ಬಿಟ್ಟಿತ್ತು. ಹಿಂಗಾರಿ ಜೋಳ, ಕಡಲೆಗೆಂದು ಬಿಟ್ಟ ಹೊಲಗಳು ಕುಂಟೆ ಹೊಡೆಸಿಕೊಂಡು ಕರ್ರಗೆ ಬಿದ್ದಿದ್ದವು. ಹಬ್ಬವಾದ್ದರಿಂದ ಎಲ್ಲಿಯೂ ಎತ್ತು ಹೂಡಿರಲಿಲ್ಲ. ರಸ್ತೆ ಬದಿಯ ಒಂದು ಊರಿನಲ್ಲಿ ಚಹಾಕ್ಕೆ ನಿಂತಾಗ, ಕೆರೆಯ ಮಣ್ಣಿನಿಂದ ಮಾಡಿದ ಎತ್ತುಗಳ ಜೋಡಿಯನ್ನು ಹಲಗೆಯ ಮೇಲಿಟ್ಟುಕೊಂಡು ಹುಡುಗರು ಮನೆಮನೆಗೆ ಹೋಗುತ್ತಿದ್ದರು. ಒಂದು ಮಣ್ಣೆತ್ತನ್ನು ಕೈಯಲ್ಲಿ ಹಿಡಿದು ನೋಡಿದೆ. ನಾಲ್ಕು ಕಾಲು ಗಟ್ಟಿಯಾಗಿ ನೆಲಕ್ಕೂರಿ, ಇಣಿ ಮೇಲೆತ್ತಿ, ಎಳೆಯುವುದಕ್ಕೆ ಸಿದ್ಧವಾದ ಎತ್ತಿನ ಭಂಗಿ ಅಂಗೈಯಗಲದ ಮಣ್ಣಿನಲ್ಲಿ ಬಂದಿತ್ತು. ನಡೆಯದ ಮಣ್ಣಿನಲ್ಲಿ ನಡಿಗೆಯನ್ನು ತೋರಿಸುವ ಕೈ ನಮ್ಮ ಕುಂಬಾರರಿಗೆ ಬಹಳ ಹಿಂದಿನಿಂದ ಒಲಿದಿದೆ.

ಗದಗದಲ್ಲಿ ನಾವು ನಿಲ್ಲಲಿಲ್ಲ. ಊರು ದಾಟಿ ಮುಂಡರಗಿಯ ಕಡೆಗೆ ಸಾಗಿದಂತೆ ಕಪ್ಪತಗುಡ್ಡದ ಸಾಲು ಎದ್ದುಬಂದು, ಅದರ ಜೊತೆಗೆ ಗಾಳಿಯಂತ್ರಗಳೂ ಕಾಣತೊಡಗಿದವು. ಗಾಳಿ ಸೆಕೆಂಡಿಗೆ 3ರಿಂದ 4 ಮೀಟರ್ ವೇಗ ಮುಟ್ಟಿದ ಮೇಲೆಯೇ ಇಂಥ ಯಂತ್ರಗಳು ವಿದ್ಯುತ್ ಕೊಡಲು ಆರಂಭಿಸುತ್ತವೆ; ಅಂದು ಎಲ್ಲವೂ ತಿರುಗುತ್ತಿದ್ದುದನ್ನು ಕಂಡು ಅಳಿಯನ ಮುಖ ಅರಳಿತು. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ಅದರ ಒಳಗೆ ಪ್ಲಾಸ್ಟಿಕ್ಕಿನ ಆಕೃತಿಯನ್ನು ಒಯ್ಯುವುದು ಸರಿಯಲ್ಲವೆಂದು ನಾವು ಮೊದಲೇ ತೀರ್ಮಾನಿಸಿ, ಊರವರ ಸ್ವಂತ ಹೊಲವನ್ನೇ ಆರಿಸಿಕೊಂಡಿದ್ದೆವು.

ಹಾದಿಯಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿಯ ಮುಂದೆ ಮಾತ್ರ ಅರ್ಧ ಗಂಟೆ ನಿಂತೆವು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗೃಹದ ಹೊರಗೋಡೆಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುವಿನ ಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಗೆರೆ ಎಳೆದರೆ ಆರು ನಾಲ್ಕಲೇ 24 ಮೂಲೆಗಳು ಸಿಗುತ್ತವೆ. ಅಳಿಯ ಗೋಡೆಯನ್ನು ಸುತ್ತಿ ಬಂದವನೇ, “ಮಾಮಾ, ಇದು ನಿಂತ ಗುಡಿ ಅಲ್ಲ, ತಿರುಗಿ ನಿಂತದ್ದು” ಎಂದ. ಅವನು ಹೇಳಿದ್ದು ನಿಜ. ನಮ್ಮ ಆಕೃತಿಯ ಅಚ್ಚಿನ ಮೇಲೂ ಆರು ಕ್ರ್ಯಾಂಕುಗಳಿವೆ. ಒಂದು ಮತ್ತೊಂದಕ್ಕಿಂತ 120 ಡಿಗ್ರಿ ಮುಂದೆ ತಿರುಗಿದೆ, ಹಾಗಾಗಿ ಯಾವ ಹೊತ್ತಿನಲ್ಲಿಯೂ ಕೆಲವು ಪಾದಗಳು ನೆಲದ ಮೇಲಿದ್ದು ಉಳಿದವು ಗಾಳಿಯಲ್ಲಿರುತ್ತವೆ. ವೃತ್ತವನ್ನು ಸಮನಾಗಿ ಹಂಚಿಕೊಳ್ಳುವ ಈ ಲೆಕ್ಕವನ್ನು ಎಂಟು ಒಂಬತ್ತು ನೂರು ವರ್ಷಗಳ ಹಿಂದೆ ಇಲ್ಲಿ ಕಲ್ಲಿಗೆ ಕೂಡಿಸಿದ್ದನ್ನು ಮುಟ್ಟಿ ನೋಡಿದಾಗ, ಪಡಸಾಲೆಯಲ್ಲಿ ನಾವು ಕೋನಮಾಪಕ ಹಿಡಿದು ಪಟ್ಟ ಪಾಡು ನೆನಪಾಗಿ, ಆ ಹೆಸರಿಲ್ಲದ ಓಜರ ಮೇಲೆ ಗೌರವ ಹೆಚ್ಚಿತು.

ಡೋಣಿ ಮುಟ್ಟಿದಾಗ ಹತ್ತು ಗಂಟೆ. ಸಹಪಾಠಿಯ ಅಜ್ಜ ನಮಗಾಗಿ ಹೊಲದಲ್ಲಿಯೇ ಕಾಯುತ್ತಿದ್ದರು. ಊರಿಗೆ ಹತ್ತಿರವೆಂದು ಮೊದಲು ಹಿಂಗಾರಿಗೆ ಬಿಟ್ಟ ಎರೆ ಹೊಲಕ್ಕೇ ಆಕೃತಿಯನ್ನು ಇಳಿಸಿ, ಹಾಯಿಗಳನ್ನು ಕಟ್ಟಿ, ನೈರುತ್ಯಕ್ಕೆ ಬೆನ್ನು ಮಾಡಿ ನಿಲ್ಲಿಸಿದೆವು. ಗಾಳಿ ಬಂದಿತು, ಹಾಯಿ ಉಬ್ಬಿತು, ಕಾಲುಗಳು ಒಂದು ಸುತ್ತು ತಿರುಗಿದವು, ಎರಡನೆಯ ಸುತ್ತಿಗೆ ಎಲ್ಲವೂ ನಿಂತುಹೋಯಿತು. ಎರಡು ದಿನಗಳ ಹಿಂದೆ ಬಿದ್ದ ಮಳೆಯ ಹಸಿ ಎರೆಯಲ್ಲಿ ಇನ್ನೂ ಇತ್ತು. ಪ್ರತಿ ಪಾದಕ್ಕೂ ಲಿಂಬಿಕಾಯಿ ಗಾತ್ರದ ಮಣ್ಣಿನ ಮುದ್ದೆ ಅಂಟಿತ್ತು. ಕೆರೆದು ತೆಗೆದು ಮತ್ತೆ ನಿಲ್ಲಿಸಿದೆವು, ಮತ್ತೆ ಅಂಟಿತು. ನಾಲ್ಕನೆಯ ಸಲ ಹಾಯಿ ಮುಂದಕ್ಕೆಳೆದು ಪಾದ ಹಿಂದೆ ಉಳಿದು ಇಡೀ ಆಕೃತಿ ಮುಗ್ಗರಿಸಿ, ಎರಡು ಕೇಬಲ್ ಟೈಗಳು ಹರಿದವು. ಅಳಿಯ ಮಾತಿಲ್ಲದೆ ಮಣ್ಣಿನಲ್ಲಿ ಕುಳಿತುಬಿಟ್ಟ.

ಆಗ ಅಜ್ಜನವರು ಹತ್ತಿರ ಬಂದು ಪಾದದ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, “ಎರ್ಯಾಗ ಹಸಿ ಇದ್ದಾಗ ನಮ್ಮ ಎತ್ತನ ಇಳಿಸೂದಿಲ್ಲರೀ ಸರ, ಇದು ಹಗರ ಪ್ರಾಣಿ, ಹ್ಯಾಂಗ ನಡದೀತು? ಮ್ಯಾಲಿನ ಮಸಾರಿಗೆ ಹೊಡ್ರಿ” ಎಂದರು. ನಾನು ಮನೆಯಲ್ಲಿ ಕಾಲಿನ ಅಳತೆಗಳನ್ನು ದಶಮಾಂಶದವರೆಗೆ ಸರಿ ಮಾಡಿಕೊಂಡಿದ್ದೆ. ನೆಲದ ಬಗ್ಗೆ ಒಂದು ಸಾಲನ್ನೂ ಬರೆದುಕೊಂಡಿರಲಿಲ್ಲ. ಯಾನ್ಸೆನ್ನರ ಮೃಗಗಳು ಅಲೆಗೂ ದಿಬ್ಬಕ್ಕೂ ನಡುವಿನ ಗಟ್ಟಿ ಹಸಿಮರಳಿಗೆ ಹುಟ್ಟಿದವು. ಅತ್ತ ನೀರೂ ಇತ್ತ ಸಡಿಲು ಮರಳೂ ಅವಕ್ಕೆ ಅಪಾಯ. ನೀರಿನ ಸುಳಿವನ್ನು ಹಿಡಿಯಲು ಅವರು ಕೆಲವು ಮೃಗಗಳಿಗೆ ನೆಲದ ಮೇಲೆ ಎಳೆದಾಡುವ ಕೊಳವೆ ಮೀಸೆಯನ್ನು ಇಟ್ಟಿದ್ದಾರೆ. ಅದರೊಳಕ್ಕೆ ಗಾಳಿಯ ಬದಲು ನೀರು ಬಂದರೆ ಮೃಗ ಹಿಂದಿರುಗುತ್ತದೆ. ಅಂದರೆ ಅವರ ಮೃಗಗಳ ಕಾಲುಗಳಷ್ಟೇ ಅಲ್ಲ, ಮೈಯೆಲ್ಲ ಸ್ಖೇವನಿಂಗನ್ನಿನ ತಡಿಯನ್ನು ಬಲ್ಲದು. ನಮ್ಮದಕ್ಕೆ ಡೋಣಿಯ ನೆಲವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗುಡ್ಡದ ಬುಡಕ್ಕೆ ಏರಿದ, ಕೆಂಪು ಮಣ್ಣಿನ ಮಸಾರಿ ಹೊಲ ಶೇಂಗಾ ಬಿತ್ತನೆಗೆ ಹದಗೊಂಡು ಖಾಲಿ ಇತ್ತು. ಅದರ ಅಂಚಿಗೆ, ಬಂಡಿ ಓಡಾಡಿ ಗಟ್ಟಿಯಾದ ಗರಸಿನ ಪಟ್ಟಿಯೊಂದು ಇತ್ತು. ಅಲ್ಲಿ ಮಣ್ಣು ಅಂಟಲಿಲ್ಲ, ಆದರೆ ನುಣುಪಾದ ಪೈಪಿನ ತುದಿಗಳು ಜಾರತೊಡಗಿದವು; ಕಾಲು ತಿರುಗದೆ ಆಕೃತಿ ಸುಮ್ಮನೆ ಎಳೆದುಕೊಂಡು ಹೋಗುತ್ತಿತ್ತು. ಅಜ್ಜನವರು ಬಂಡಿಯ ಹೊರೆ ಬಿಗಿಯಲು ಇಟ್ಟುಕೊಂಡಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನು ತಂದು, “ಎತ್ತಿಗೆ ನಾಲು ಹೊಡಸೂದಿಲ್ಲೇನ್ರಿ, ಇದಕ್ಕೂ ಹಾಕ್ರಿ” ಎಂದು ತಾವೇ ಕುಡುಗೋಲಿನಿಂದ ಹನ್ನೆರಡು ತುಂಡು ಮಾಡಿಕೊಟ್ಟರು. ಅವನ್ನು ಪಾದಗಳಿಗೆ ತೊಡಿಸಿದೆವು.

ಹನ್ನೆರಡರ ಸುಮಾರಿಗೆ ಗಾಳಿ ಹಿಡಿಯಿತು. ಮೊದಲು ಗುಡ್ಡದ ಕಡೆಯಿಂದ ಹುಲ್ಲು ಬಾಗುತ್ತ ಬಂದಿತು, ಬಳಿಕ ಛತ್ರಿಯ ಬಟ್ಟೆ ಪಟಪಟನೆ ಬಡಿಯಿತು, ಆ ಮೇಲೆ ಬಡಿತ ನಿಂತು ಹಾಯಿ ತುಂಬಿಕೊಂಡಿತು. ಆಕೃತಿ ಹೊರಟಿತು. ಕಾಲುಗಳು ಅವಸರದಿಂದ ಏಳುತ್ತಿದ್ದರೂ ಅವುಗಳ ಮೇಲಿನ ಅಚ್ಚು ಕುಪ್ಪಳಿಸಲಿಲ್ಲ, ನೀರಿನ ಮೇಲೆ ಸಾಗುವ ಹರಿಗೋಲಿನಂತೆ ಒಂದೇ ಮಟ್ಟದಲ್ಲಿ ಮುಂದೆ ಹೋಯಿತು. ಇದೇ ಆ ಅಳತೆಗಳ ಗುಟ್ಟು. ನಾವು ನಡೆಯುವಾಗ ಹೆಜ್ಜೆ ಹೆಜ್ಜೆಗೂ ಮೈ ಏರಿ ಇಳಿಯುತ್ತದೆ; ಮೈಯ ಭಾರವನ್ನು ಮೇಲೆತ್ತುವ ಕೆಲಸವನ್ನೂ ಗಾಳಿಯೇ ಮಾಡಬೇಕಾಗಿದ್ದರೆ ಛತ್ರಿಯ ಬಟ್ಟೆಯ ಬಲ ಸಾಲುತ್ತಿರಲಿಲ್ಲ. ಪಾದದ ದಾರಿಯ ತಳ ಚಪ್ಪಟೆಯಾದಷ್ಟೂ ಅಚ್ಚು ಗಾಲಿಯ ಅಚ್ಚಿನಂತೆ ಮಟ್ಟವಾಗಿ ಉಳಿಯುತ್ತದೆ, ಮತ್ತು ಗಾಲಿ ಹೂತುಕೊಳ್ಳುವಂಥ ಕಡೆ ಕಾಲು ಒಂದೊಂದೇ ಜಾಗ ಮುಟ್ಟಿ ದಾಟುತ್ತದೆ. ಯಾನ್ಸೆನ್ 2004ರಲ್ಲಿ ಕಟ್ಟಿದ ರೈನೋಸರಸ್ ಎಂಬ ಮೃಗ 4.7 ಮೀಟರ್ ಎತ್ತರ, ಟನ್‌ಗಟ್ಟಲೆ ತೂಕದ್ದು. ಅಂಥದ್ದನ್ನೂ ಒಬ್ಬ ಮನುಷ್ಯ ತಳ್ಳಿ ನಡೆಸಬಲ್ಲನೆಂದು ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಗರಸಿನ ಮೇಲೆ ಹನ್ನೆರಡು ರಬ್ಬರ್ ಪಾದಗಳು ಒಂದೇ ತಾಳದಲ್ಲಿ ಬೀಳುವ ಸದ್ದನ್ನು ಕೇಳಿದ ಮೇಲೆ ಬಂದಿತು.

ಊರಿನ ಮಕ್ಕಳು ಹಬ್ಬದ ಅಂಗಿಯಲ್ಲಿಯೇ ಓಡಿಬಂದಿದ್ದರು. ಅವರಲ್ಲೊಬ್ಬಳು ಹುಡುಗಿ, ಎರಡೂ ಕೈಯಲ್ಲಿ ತನ್ನ ಮಣ್ಣೆತ್ತನ್ನು ಹಿಡಿದುಕೊಂಡಿದ್ದವಳು, “ಗಾಳೆತ್ತು! ಗಾಳೆತ್ತು!” ಎಂದು ಕೂಗಿದಳು. ಎರಡು ತಿಂಗಳಿಂದ ನಾವಿಬ್ಬರೂ ಅದನ್ನು ಮಾಡೆಲ್ ಎಂದೇ ಕರೆಯುತ್ತಿದ್ದೆವು. ಆ ಕ್ಷಣದಿಂದ ಅದರ ಹೆಸರು ಗಾಳೆತ್ತು.

ಗಾಳೆತ್ತು ಮೂವತ್ತೊಂದು ಮಾರು ನಡೆದು ಬದುವಿಗೆ ಮುಟ್ಟಿ ನಿಂತಿತು. ಅಜ್ಜನವರೇ ತೋಳು ಚಾಚಿ ಚಾಚಿ ಅಳೆದರು. ಮತ್ತೆ ಎತ್ತಿ ತಂದು ಬಿಟ್ಟೆವು; ಮಧ್ಯಾಹ್ನ ಎರಡರವರೆಗೆ ಹೀಗೆಯೇ ಸಾಗಿತು. ಗಾಳಿ ಬಿಟ್ಟಾಗ ಅದು ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಲ್ಲುತ್ತಿತ್ತು. ಯಾನ್ಸೆನ್ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ: ರೆಕ್ಕೆಗಳ ಬಡಿತದಿಂದ ಪಂಪು ನಡೆಸಿ, ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು, ಗಾಳಿ ಇಲ್ಲದ ಹೊತ್ತಿಗೆ ಅದನ್ನು ಬಳಸುವುದು. ಮಣ್ಣು ಸೇರದ ಬಾಟಲಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಎರಡೂಕಾಲಿಗೆ ಬಂದ ಬಿರುಗಾಳಿಯೊಂದು ಮಾತ್ರ ನಮ್ಮ ಅಳತೆ ಮೀರಿತ್ತು. ಗಾಳೆತ್ತು ಪಕ್ಕಕ್ಕೆ ಉರುಳಿ, ಕೊನೆಯ ಕ್ರ್ಯಾಂಕ್ ಬಾಗಿತು. ಬಿರುಗಾಳಿಗೆ ಮೂತಿಯಿಂದ ಗೂಟ ಬಡಿದು ತಮ್ಮನ್ನು ತಾವೇ ನೆಲಕ್ಕೆ ಬಿಗಿದುಕೊಳ್ಳುವ ಮೃಗಗಳನ್ನು ಯಾನ್ಸೆನ್ ಮಾಡಿದ್ದು ಏಕೆಂದು ಆಗ ತಿಳಿಯಿತು.

ಅಜ್ಜನವರ ಮನೆಯಲ್ಲಿ ಕಡುಬು, ಹೋಳಿಗೆಯ ಊಟವಾಯಿತು. ಮಾಡದಲ್ಲಿ ಪೂಜೆಗೊಂಡ ಎತ್ತುಗಳ ಜೋಡಿ ಇತ್ತು. ಮನೆಯ ಹಿರಿಯ ತಾಯಿ ಆರತಿ ತಟ್ಟೆಯನ್ನು ಅಂಗಳಕ್ಕೆ ತಂದು, ಕೌದಿಯ ಮೇಲೆ ಮಲಗಿದ್ದ ಗಾಳೆತ್ತಿನ ಮುಂದಿನ ಪೈಪಿಗೂ ಕುಂಕುಮ ಹಚ್ಚಿದರು. ಅಳಿಯ ತಲೆಬಾಗಿ ನಿಂತಿದ್ದ. ಹೊರಡುವಾಗ ಅಜ್ಜನವರು, ಶೇಂಗಾ ಕಿತ್ತ ಮೇಲೆ ಹೊಲ ಮತ್ತೆ ಖಾಲಿ ಇರುತ್ತದೆ, ಆಗ ಇನ್ನೂ ಅಗಲ ಪಾದ ಮಾಡಿಕೊಂಡು ಬರಬೇಕೆಂದು ಹೇಳಿ, ಉಳಿದ ಟ್ಯೂಬಿನ ಪಟ್ಟಿಯನ್ನೂ ನಮ್ಮ ಚೀಲಕ್ಕೆ ಹಾಕಿದರು.

ರಾತ್ರಿ ಧಾರವಾಡದ ಅಂಗಳದಲ್ಲಿ ಕಾಲುಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದೆವು. ಕೀಲುಗಳಿಂದ ಕೆಂಪು ಮಸಾರಿ ನೀರಿನೊಡನೆ ಸುಲಭವಾಗಿ ಇಳಿದುಹೋಯಿತು. ಪಾದದ ಪೈಪುಗಳೊಳಗೆ ಹೊಕ್ಕ ಎರೆ ಮಾತ್ರ ಒಣಗಿ ಕಲ್ಲಾಗಿತ್ತು. ಮೊಳೆಯಿಂದ ಎಷ್ಟು ಚುಚ್ಚಿದರೂ ಬರಲಿಲ್ಲ. “ಇರಲಿ ಬಿಡು ಮಾಮಾ, ಪಾದಕ್ಕ ಒಂದಿಷ್ಟು ತೂಕ ಬಂತು” ಎಂದು ಅಳಿಯ ಅವನ್ನು ಹಾಗೆಯೇ ಒಣಗಲು ಇಟ್ಟ.