ಹೇರಾಳ ಲಕ್ಕಿ ಗಿಡ

ಜೂನ್ 20, 2024, ಗುರುವಾರ
ಸಾಮೋಸ್ ದ್ವೀಪ, ಗ್ರೀಸ್

ಹೇರಾ ದೇವಿಯ ಗುಡಿಯ ಬಯಲಿನಲ್ಲಿ ಈಗ ನಿಂತಿರುವುದು ಒಂದೇ ಕಂಬ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಪಾಲಿಕ್ರಟೀಸ್ ಎಂಬ ದೊರೆ ಇಲ್ಲಿ 155 ಕಂಬಗಳ ಗುಡಿ ಕಟ್ಟಿಸಲು ಹೊರಟ. ಅದು ಮುಗಿಯಲೇ ಇಲ್ಲ. ಉಳಿದ ಕಂಬವೂ ಮೊದಲಿದ್ದ ಎತ್ತರದ ಅರ್ಧದಷ್ಟೇ ಇದೆ. ಅದರ ಬುಡದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಆದರೆ ಇಂದು ಬರೆಯಬೇಕೆನಿಸುತ್ತಿರುವುದು ಕಂಬದ ವಿಷಯವಲ್ಲ, ಒಂದು ಗಿಡದ ವಿಷಯ.

ಇಂಬ್ರಾಸೋಸ್ ಹೊಳೆಯ ದಡದಲ್ಲಿ, ಲಿಗೋಸ್ ಗಿಡದ ಕೆಳಗೆ ಹೇರಾ ಹುಟ್ಟಿದಳೆಂದು ಸಾಮೋಸ್‌ನವರು ನಂಬಿದ್ದರು. ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರುವ ಹೊತ್ತಿಗೂ ಆ ಗಿಡ ಗುಡಿಯ ಆವರಣದಲ್ಲಿತ್ತಂತೆ. ಲಿಗೋಸ್ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ದಾರಿಯ ಬದಿಯಲ್ಲಿ ಕಂಡಾಗ ಸುಮ್ಮನೆ ನಿಂತುಬಿಟ್ಟೆ. ಬೆರಳು ಬಿಡಿಸಿದಂತಹ ಎಲೆ, ನೀಲಿ ಹೂವಿನ ತೆನೆ. ಎಲೆ ಹಿಸುಕಿ ಮೂಸಿದೆ. ನಮ್ಮ ಲಕ್ಕಿ! ಅದೇ ಕುಲದ ಗಿಡ, ಜಾತಿ ಮಾತ್ರ ಬೇರೆ. ಅಕ್ಕನ ಬಾಣಂತನದಲ್ಲಿ ಅಮ್ಮ ಲಕ್ಕಿ ಸೊಪ್ಪು ಹಾಕಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಳು. ಬಚ್ಚಲುಮನೆಯ ಆ ಘಾಟು ಇಲ್ಲಿ, ಮದುವೆಗೂ ಹೆರಿಗೆಗೂ ಒಡತಿಯಾದ ದೇವಿಯ ಅಂಗಳದಲ್ಲಿ! ಕಣ್ಣು ತುಂಬಿ ಬಂತು.

ಇಲ್ಲಿ ನವಿಲುಗಳನ್ನೂ ಸಾಕುತ್ತಿದ್ದರು, ಸಾಮೋಸ್‌ನ ನಾಣ್ಯಗಳ ಮೇಲೂ ನವಿಲಿದೆ. ಅವು ನಮ್ಮ ಕಡೆಯಿಂದಲೇ ಬಂದ ಹಕ್ಕಿಗಳು.

ಲಿಗೋಸ್‌ಗೆ ಸೇರಿದ ಒಂದು ಹಳೆಯ ಕಥೆ ನನ್ನನ್ನು ಬಿಡುತ್ತಿಲ್ಲ. ಕಡಲ್ಗಳ್ಳರು ಹೇರಾಳ ಮೂರ್ತಿಯನ್ನು ಕದ್ದು ಹಡಗಿಗೇರಿಸಿದರು. ಎಷ್ಟು ಹುಟ್ಟು ಹಾಕಿದರೂ ಹಡಗು ಕದಲಲಿಲ್ಲ. ಹೆದರಿ ಮೂರ್ತಿಯನ್ನು ದಡಕ್ಕಿಳಿಸಿ, ಮುಂದೆ ರೊಟ್ಟಿಯ ನೈವೇದ್ಯವಿಟ್ಟು ಹೋದರು. ಹುಡುಕುತ್ತ ಬಂದ ಊರವರು ದೇವಿ ತಾನಾಗಿಯೇ ತಮ್ಮನ್ನು ಬಿಟ್ಟು ಹೊರಟಳೆಂದು ತಿಳಿದು, ಮತ್ತೆ ಹೋಗದಂತೆ ಲಿಗೋಸ್ ಕೊಂಬೆಗಳಿಂದ ಬಿಗಿದು ಕಟ್ಟಿದರು. ಪೂಜಾರಿಣಿ ಅಡ್ಮೀಟಿ ಬಂದು ಕಟ್ಟು ಬಿಚ್ಚಿ, ಮೂರ್ತಿಯನ್ನು ಶುದ್ಧಿ ಮಾಡಿ ಪೀಠಕ್ಕೆ ಮರಳಿಸಿದಳು. ಮುಂದೆ ಪ್ರತಿ ವರ್ಷವೂ ಮೂರ್ತಿಯನ್ನು ಕಡಲ ದಡಕ್ಕೆ ಒಯ್ದು ರೊಟ್ಟಿಯಿಟ್ಟು ಹಬ್ಬ ಮಾಡುತ್ತಿದ್ದರು. ಅದರ ಹೆಸರು ಟೋನೈಯಾ.

ಭಕ್ತಿಯಲ್ಲಿ ಇಂತಹ ಭಯವೂ ಇರುತ್ತದೆಂದು ನನಗೆ ಗೊತ್ತು. ಸಂಜೆ ಅದೇ ದಡದಲ್ಲಿ ನಡೆದೆ. ಗುಡಿಯಿಂದ ನೀರಿಗೆ ಕೆಲವೇ ನಿಮಿಷದ ದಾರಿ.