ಹಿರೇಬೆಣಕಲ್ಲಿನಿಂದ ಮುನಿರಾಬಾದಿಗೆ: ಬೇಸಿಗೆಯಲ್ಲೊಂದು ಕ್ಯಾಮೆರಾ ಸುತ್ತು

ಏಪ್ರಿಲ್ ಕೊನೆಯ ವಾರ ಕೊಪ್ಪಳದಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಆಸುಪಾಸಿಗೆ, ಮುಳುಗುವುದು 6.40ರ ಹೊತ್ತಿಗೆ. ನಡುವೆ ಹನ್ನೆರಡೂವರೆ ತಾಸು ಬಿಸಿಲು. ಅದರಲ್ಲಿ ಭೂದೃಶ್ಯಕ್ಕೆ ದಕ್ಕುವುದು ತೀರಾ ಕಡಿಮೆ. 15 ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಬೆಳಗಿನ ಹೊಂಬಣ್ಣ ಅರ್ಧ ತಾಸಿಗೇ ಕರಗಿಹೋಗುತ್ತದೆ. ಆರೂವರೆಗೆ ನೆರಳು ವಸ್ತುವಿನ ಎತ್ತರದ ಹತ್ತು ಪಟ್ಟು ಉದ್ದವಿರುತ್ತದೆ, ಏಳಕ್ಕೆ ನಾಲ್ಕು ಪಟ್ಟು ಚಿಲ್ಲರೆ, ಒಂಬತ್ತೂಕಾಲಿನ ಹೊತ್ತಿಗೆ ಎತ್ತರದಷ್ಟೇ. ಬೇಸಿಗೆಯ ಫೋಟೋ ಗೆಲ್ಲುವುದೂ ಸೋಲುವುದೂ ಈ ನೆರಳಿನ ಲೆಕ್ಕದಲ್ಲೇ. ಆದ್ದರಿಂದ ಸುತ್ತಾಟದ ವೇಳಾಪಟ್ಟಿಯನ್ನೂ ಅದರ ಪ್ರಕಾರವೇ ಹಾಕಿಕೊಳ್ಳಬೇಕು.

ನಸುಕಿಗೆ ಹಿರೇಬೆಣಕಲ್. ಕೊಪ್ಪಳ–ಗಂಗಾವತಿ ರಸ್ತೆಯಿಂದ ಒಳಗಿರುವ ಈ ಊರಿನ ಹಿಂದಿನ ಬೆಟ್ಟದ ಮೇಲೆ ಶಿಲಾಯುಗೋತ್ತರ ಕಾಲದ ನೂರಾರು ಕಲ್ಗೋರಿಗಳಿವೆ. ಊರವರ ಬಾಯಲ್ಲಿ ಅದು ಮೊರೇರ ಬೆಟ್ಟ. ಹಾದಿ ಬಂಡೆಗಳ ಮೇಲೆಯೇ ಸಾಗುತ್ತದೆ, ಗುರುತು ತಪ್ಪುವುದು ಸುಲಭ. ಕರಡಿಗಳಿರುವ ಗುಡ್ಡವಾದ್ದರಿಂದ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹತ್ತಬೇಕು. ತಲೆಗೆ ಕಟ್ಟುವ ಟಾರ್ಚ್, ತಲಾ ಎರಡು ಲೀಟರ್ ನೀರು ಕಡ್ಡಾಯ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ತಾಣ, ಟ್ರೈಪಾಡ್‌ಗೂ ಡ್ರೋನ್‌ಗೂ ಮೊದಲೇ ಅನುಮತಿ ಪಡೆದಿರಬೇಕು.

ಕಲ್ಗೋರಿ ಎಂದರೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು. ಕೆಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ವೈಡ್ ಲೆನ್ಸ್ ಹಾಕಿದ ಕೂಡಲೇ ಕ್ಯಾಮೆರಾವನ್ನು ನೆಲಕ್ಕೆ ತಂದು ಕೂರುವುದು ಬಹಳ ಜನರ ರೂಢಿ. ಇಲ್ಲಿ ಅದು ಕೆಲಸ ಕೆಡಿಸುತ್ತದೆ. ಕೆಳಗಿನಿಂದ ನೋಡಿದರೆ ಕಲ್ಗೋರಿಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಕಲ್ಲುರಾಶಿಯಾಗುತ್ತವೆ, ನೆಲದ ಮೇಲಿನ ಉದ್ದ ನೆರಳುಗಳು ಕುಗ್ಗಿ ಗೆರೆಯಾಗಿಬಿಡುತ್ತವೆ. ಎದೆಮಟ್ಟಕ್ಕೋ ಅದಕ್ಕಿಂತ ಒಂದು ಗೇಣು ಮೇಲಕ್ಕೋ ಏರಿಸಿ. ಆಗ ಗೋರಿ ಗೋರಿಗಳ ನಡುವೆ ಜಾಗ ಬಿಡುತ್ತದೆ, ನೆರಳು ಹಾಸಿಕೊಳ್ಳುತ್ತದೆ. ಸೂರ್ಯ ಬೆನ್ನಿಗಿದ್ದರೆ ಕಲ್ಲು ಚಪ್ಪಟೆ ಕಾಣುತ್ತದೆ, ಎಡಕ್ಕೋ ಬಲಕ್ಕೋ ಇದ್ದರೆ ಚಪ್ಪಡಿಯ ಒರಟು ಮೈ ಎದ್ದು ಕಾಣುತ್ತದೆ. ಕಂಡಿಯ ಅಂಚಿಗೆ ಬಿಸಿಲು ತಾಗಿ ಒಳಗೆ ಕತ್ತಲೆ ಉಳಿಯುವ ಹೊತ್ತು ಕೆಲವೇ ನಿಮಿಷ. ಅಷ್ಟರಲ್ಲಿ ಮುಗಿಸಬೇಕು.

ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 16 ಎಂಎಂ ಲೆನ್ಸ್ ಹಾಕಿ, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/8 ಇಟ್ಟು 1.6 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸುಮಾರು 80 ಸೆಂಟಿಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಎಫ್/16ಕ್ಕೆ ಹೋಗುವ ಅಗತ್ಯವಿಲ್ಲ, ಅಲ್ಲಿ ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರ್ಯಾಕ್ಷನ್‌ನಿಂದ ಕಲ್ಲಿನ ಕಣ ಮೆತ್ತಗಾಗುತ್ತದೆ. ಐಎಸ್ಒ 100, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಕಡತ), ವೈಟ್ ಬ್ಯಾಲೆನ್ಸ್ ‘ಡೇಲೈಟ್’ನಲ್ಲೇ ಇರಲಿ, ಆಟೋಗೆ ಬಿಟ್ಟರೆ ಕ್ಯಾಮೆರಾ ಬೆಳಗಿನ ಕೆಂಪನ್ನೇ ತಪ್ಪೆಂದುಕೊಂಡು ಅಳಿಸಲು ನೋಡುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರುವ ಗ್ರಾಫ್) ನೋಡುವಾಗ ಕೆಂಪು, ಹಸಿರು, ನೀಲಿ ಮೂರೂ ಬಣ್ಣದ್ದನ್ನು ಬೇರೆಬೇರೆ ನೋಡಿ. ಹೊಂಬಿಸಿಲು ಬಿದ್ದ ಗ್ರಾನೈಟಿನಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು. ಒಟ್ಟು ಗ್ರಾಫ್ ಸರಿಯಾಗಿ ಕಂಡರೂ ಕೆಂಪು ಹೋಗಿದ್ದರೆ ಬಂಡೆ ಹಳದಿ ಬಳಿದ ಗೋಡೆಯಂತೆ ಕಾಣುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಬೆಳಕನ್ನು ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಬೆಟ್ಟದ ಮೇಲಿಂದ ಕಾಣುವ ಸಾಲುಗುಡ್ಡಗಳಿಗೆ ದೂರದ್ದನ್ನು ಹತ್ತಿರ ತರುವ 70–200 ಎಂಎಂ ಲೆನ್ಸ್ ಬೇಕು. ಬೇಸಿಗೆಯ ಧೂಳು-ಮಸುಕನ್ನು ಓಡಿಸಲು ಹೋಗುವುದಕ್ಕಿಂತ ಸೂರ್ಯನತ್ತ ಓರೆಯಾಗಿ ತಿರುಗಿ ಅದನ್ನೇ ಬಳಸಿಕೊಳ್ಳುವುದು ಮೇಲು. ಹತ್ತಿರದ ಗುಡ್ಡ ಕಪ್ಪು, ಅದರಾಚೆಯದು ಬೂದು, ಅದರಾಚೆಯದು ಇನ್ನೂ ತೆಳು. ಮಸುಕೇ ಪದರ ಬಿಡಿಸಿಕೊಡುತ್ತದೆ. ಎಂಟರ ಒಳಗೆ ಇದೂ ಮುಗಿಯಲಿ. ಬಂಡೆ ಕಾದ ಮೇಲೆ ಬಿಸಿಗಾಳಿ ನಡುಗಿ ದೂರದ ಅಂಚುಗಳು ಕದಡುತ್ತವೆ. ಆ ತಪ್ಪು ಲೆನ್ಸಿನದೂ ಅಲ್ಲ, ಫೋಕಸ್ಸಿನದೂ ಅಲ್ಲ, ದುಬಾರಿ ಲೆನ್ಸ್ ತಂದರೂ ಹೋಗುವುದಿಲ್ಲ.

ಇಳಿದು ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮಜ್ಜಿಗೆ. ಕ್ಯಾಮೆರಾ ಬ್ಯಾಗನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಮೊದಲು ಕೆಡುವುದು ಬ್ಯಾಟರಿ.

ಮಧ್ಯಾಹ್ನಕ್ಕೆ ಗದಗ ರಸ್ತೆ ಹಿಡಿದು, ಬನ್ನಿಕೊಪ್ಪದಿಂದ ಒಳಕ್ಕೆ ಇಟಗಿ. ಭೂದೃಶ್ಯಕ್ಕೆ ಕೆಲಸಕ್ಕೆ ಬಾರದ ನಡುಹಗಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಇದು. ಮೇ ಮೊದಲ ದಿನಗಳಲ್ಲಿ 12.20ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಬಯಲು ಆಗ ಸಪ್ಪೆ. ಆದರೆ ಗೋಡೆಗೆ ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುತ್ತದೆ, ನೂಲಿನಷ್ಟು ಉಬ್ಬಿದ ಬಳ್ಳಿಗೂ ಕೆಳಗೆ ನೆರಳು ಮೂಡುತ್ತದೆ. ಸೂರ್ಯ ನೆತ್ತಿಯ ಮೇಲಿರುವ ಈ ದಿನಗಳಲ್ಲಿ ಉತ್ತರದ ಗೋಡೆಗೂ ಈ ಭಾಗ್ಯವಿದೆ, ಚಳಿಗಾಲದಲ್ಲಿ ಅದಕ್ಕೆ ಬಿಸಿಲೇ ಸೋಕುವುದಿಲ್ಲ. ಹನ್ನೊಂದೂಮುಕ್ಕಾಲಿಗೆ ಜಾಗ ನೋಡಿಟ್ಟುಕೊಂಡು ಹನ್ನೆರಡೂಮುಕ್ಕಾಲಿಗೆ ಮುಗಿಸಿ, ಆಮೇಲೆ ಒಳಮಂಟಪದ ಕಂಬಗಳಿಗೆ ಹೋಗಬಹುದು.

ಪ್ರತಿಫಲಿತ ಹೊಳಪು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರ್, ಪೋಲರೈಸರ್ ಬಗ್ಗೆ ಇಲ್ಲೇ ಹೇಳುವುದು ವಾಸಿ. ಅದು ಆಕಾಶವನ್ನು ಹೆಚ್ಚು ಗಾಢ ಮಾಡುವುದು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ. ಬೆಳಿಗ್ಗೆ ಆ ಪಟ್ಟಿ ಉತ್ತರದಿಂದ ನೆತ್ತಿಯ ಮೇಲೆ ಹಾದು ದಕ್ಷಿಣಕ್ಕೆ ಇರುತ್ತದೆ. ಆಗ ವೈಡ್ ಲೆನ್ಸಿಗೆ ಹಾಕಿದರೆ ಆಕಾಶದಲ್ಲಿ ಕಡುನೀಲಿಯ ಒಂದು ಕಲೆ ಕೂರುತ್ತದೆ, ಉಳಿದ ಭಾಗ ಬೆಳ್ಳಗಿರುತ್ತದೆ. ಬೆಳಕೂ ಒಂದೂವರೆಯಿಂದ ಎರಡು ಸ್ಟಾಪ್ ಕಡಿಮೆಯಾಗುತ್ತದೆ. ಬೇವಿನ ಎಲೆಯ ಹೊಳಪು, ನೀರಿನ ಮೇಲಿನ ಮಿರುಗು ತೆಗೆಯಲು ಮಾತ್ರ ಅದನ್ನು ಬಳಸಿ.

ನಾಲ್ಕೂವರೆಗೆ ಮುನಿರಾಬಾದ್ ಕಡೆಗೆ. ತುಂಗಭದ್ರಾ ಜಲಾಶಯ ಬೇಸಿಗೆಯಲ್ಲಿ ಬತ್ತಿ ಹಿಂದೆ ಸರಿದಾಗ ಹಿನ್ನೀರಿನ ದಂಡೆಯಲ್ಲಿ ಬಿರುಕುಬಿಟ್ಟ ಮಣ್ಣು, ಅದರಾಚೆ ಹಸಿರು ಹುಲ್ಲು, ಕುರಿಹಿಂಡು. ಅಣೆಕಟ್ಟೆಯ ಹತ್ತಿರ ಕ್ಯಾಮೆರಾ ತೆಗೆಯುವ ಮುನ್ನ ಕಾವಲಿನವರನ್ನು ಕೇಳಿ. ಚಳಿಗಾಲದ ಫೋಟೋ ನೋಡಿ ಜಾಗ ಹಿಡಿದವರು ಮೋಸಹೋಗುತ್ತಾರೆ: ಡಿಸೆಂಬರಿನಲ್ಲಿ ಪಶ್ಚಿಮದಿಂದ ಎಡಕ್ಕೆ ಮುಳುಗುವ ಸೂರ್ಯ ಈಗ ಬಲಕ್ಕೆ 15 ಡಿಗ್ರಿ, ಒಟ್ಟಿನಲ್ಲಿ ಸುಮಾರು 40 ಡಿಗ್ರಿ ಸರಿದಿರುತ್ತಾನೆ. ಕೆಸರಿನ ಮೇಲೆ ಕಾಲಿಡುವಾಗ ಬಣ್ಣ ನೋಡಿ. ಬಿಳಿಚಿಕೊಂಡ ಮಣ್ಣು ಒಣಗಿದ್ದು, ಕಪ್ಪಗಿದ್ದರೆ ಒಳಗೆ ಹಸಿ, ಮೊಣಕಾಲವರೆಗೂ ಹೂಳಬಹುದು. ಚೌಕಟ್ಟಿಗೆ ಬರುವ ಬಿರುಕುಗಳ ಮೇಲೆ ನಡೆದಾಡಬೇಡಿ, ಹೆಜ್ಜೆಗುರುತು ಚಿತ್ರದಲ್ಲಿ ಉಳಿಯುತ್ತದೆ.

ಕುರಿಹಿಂಡಿನ ಧೂಳು ಹೊಳೆಯಬೇಕೆಂದರೆ ಸೂರ್ಯನಿಗೆ ಎದುರಾಗಿ ನಿಲ್ಲಬೇಕು. ಸೂರ್ಯನನ್ನು ಜಾಲಿಮರದ ಬೊಡ್ಡೆಯ ಹಿಂದೆ ಮರೆಮಾಡಿ, ಐಎಸ್ಒ 400, ಎಫ್/8, ಷಟರ್ 1/250ರಿಂದ ಶುರುಮಾಡಿ. ಕುರಿ ಕಾಯುವವರನ್ನು ಕೇಳಿಯೇ ತೆಗೆಯಿರಿ. ಕೇಳಿದರೆ ಹಿಂಡು ಎತ್ತ ಹೊರಡುತ್ತದೆ ಎಂಬುದನ್ನೂ ಅವರೇ ಹೇಳುತ್ತಾರೆ, ಆ ಒಂದು ಮಾತು ಅರ್ಧ ಕೆಲಸ ಮುಗಿಸುತ್ತದೆ.

ಭರಣಿ, ಕೃತ್ತಿಕೆ ಮಳೆಗಳು ಬೀಳುವ ದಿನಗಳಾದ್ದರಿಂದ ಸಂಜೆ ಮೋಡ ಕಟ್ಟುವುದುಂಟು. ಮಳೆ ಸುರಿದು ನಿಂತ ಮೇಲಿನ ಗಾಳಿ ಬೇಸಿಗೆಯಲ್ಲೇ ಅತ್ಯಂತ ತಿಳಿ, ದೂರದ ಗುಡ್ಡದ ಬಂಡೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಆದರೆ ಗುಡುಗು ಕೇಳಿಸಿದರೆ ಬಯಲು ದಂಡೆಯಲ್ಲಾಗಲಿ ಬೆಟ್ಟದ ನೆತ್ತಿಯಲ್ಲಾಗಲಿ ಒಂಟಿ ಮರದಡಿಯಲ್ಲಾಗಲಿ ನಿಲ್ಲಬೇಡಿ. ಟ್ರೈಪಾಡ್ ಮಡಚಿ ಕಾರಿಗೆ ಸೇರಿಕೊಳ್ಳಿ. ಸೂರ್ಯ ಮುಳುಗಿದ ಮೇಲೂ ಇಪ್ಪತ್ತು ನಿಮಿಷ ನೀರಿನ ಮೇಲೆ ಬೆಳಕಿರುತ್ತದೆ. ಕಾದ ಸೆನ್ಸರಿನಲ್ಲಿ ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ಬಣ್ಣದ ಚುಕ್ಕೆಗಳು ಮೂಡುತ್ತವೆ, ಅದಕ್ಕೆ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆನ್ ಮಾಡಿಡಿ.

ಕೋಣೆಗೆ ಬಂದ ಮೇಲೆ ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರಿಗೆ ಧೂಳು ಕೂತಿದೆ ಎಂದರ್ಥ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಕೈಯಿಂದ ಒತ್ತುವ ಬ್ಲೋವರಿನಲ್ಲಿ ಊದಿ. ಬಾಯಿಂದ ಊದಬಾರದು, ಬಟ್ಟೆ ತಾಗಿಸಬಾರದು: ಈ ಸೀಮೆಯ ಧೂಳಿನಲ್ಲಿ ಕಲ್ಲಿನ ಪುಡಿ ಬೆರೆತಿರುತ್ತದೆ, ಒರೆಸಿದರೆ ಗೀರು ಬೀಳುತ್ತದೆ.