ಯಾರ ಹಿಡಿ?

2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗಿನಿಂದ ಹಾಸನದಲ್ಲಿ ನನಗೊಂದು ಹೊಸ ಪೀಕಲಾಟ ಶುರುವಾಗಿದೆ. ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ಎರಡು ಸುತ್ತು ಹಾಕೋಣ ಅಂತ ಹೋದರೆ ಯಾರಾದರೂ ನಿಲ್ಲಿಸಿಕೊಂಡು, "ನೀವೂ ಪತ್ರಿಕೇಲಿದ್ರಂತಲ್ಲ ಮೇಡಂ, ನೀವೇನು ಬರೆದ್ರಿ?" ಅಂತಾರೆ. ಬಾನು ಅವರು ಲಂಕೇಶ್ ಪತ್ರಿಕೆಗೆ ವರದಿ ಮಾಡುತ್ತಿದ್ದವರು, ವಕೀಲೆ, ಹಾಸನದ ನಗರಸಭೆಯಲ್ಲಿ ಕೂತವರು. ನಾನೋ ಬೆಂಗಳೂರಿನ ಒಂದು ಮಹಿಳಾ ಮಾಸಪತ್ರಿಕೆಯಲ್ಲಿ ಕೂತು ಸವೆದವಳು. ಬರೆದದ್ದು ಕಡಿಮೆ, ತಿದ್ದಿದ್ದೇ ಜಾಸ್ತಿ. "ಅಡುಗೆ ಪುಟ ನೋಡ್ಕೊಳ್ತಿದ್ದೆ" ಅಂದರೆ ಕೇಳಿದವರು ಪಾಪ, ನನಗೆ ಬೇಜಾರಾಗದಿರಲಿ ಅಂತ ಮಾತು ಬದಲಿಸುತ್ತಾರೆ. ಬೇಜಾರೇನಿಲ್ಲ. ಆ ಪುಟದಲ್ಲಿ ಏನು ನಡೀತಿತ್ತು ಅಂತ ಪಾರ್ಕಿನಲ್ಲಿ ನಿಂತು ಹೇಳೋಕಾಗಲ್ಲ, ಇಲ್ಲಿ ಹೇಳ್ತೀನಿ.

ನಾನು ಆಲೂರು ಕಡೆಯವಳು. ಹಾಸನದಲ್ಲಿ ಬಿ.ಎ. ಮುಗಿಸಿ, 1984ರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಆಗ ಅಕ್ಷರ ಜೋಡಿಸಿದ ಬ್ರೋಮೈಡ್ ಹಾಳೆಯನ್ನು ಬ್ಲೇಡಿನಲ್ಲಿ ಕತ್ತರಿಸಿ, ಗಮ್ ಹಚ್ಚಿ, ಪುಟಕ್ಕೆ ಅಂಟಿಸುತ್ತಿದ್ದರು. ಒಂದು ಒತ್ತು ತಪ್ಪಿದ್ದರೆ ಆ ಒಂದು ಪದವನ್ನು ಬೇರೆ ತೆಗೆಸಿ, ಉಗುರಿನ ತುದಿಯಲ್ಲಿ ಹಿಡಿದು ಕೂರಿಸಬೇಕಿತ್ತು. ಫ್ಯಾನ್ ಹಾಕಿದರೆ ಪದ ಹಾರಿಹೋಗೋದು. ಬೇಸಿಗೆಯಲ್ಲಿ ಬೆವರುತ್ತಾ ಯುಗಾದಿ ಸಂಚಿಕೆ ಮಾಡುತ್ತಿದ್ದೆವು ಅಂದುಕೊಳ್ಳಬೇಡಿ. ಮಾಸಪತ್ರಿಕೆಯವರಿಗೆ ಕಾಲವೇ ಬೇರೆ, ಸಂಚಿಕೆ ಬಹಳ ಮೊದಲೇ ತಯಾರಾಗಬೇಕು. ಮಾವಿನಕಾಯಿ ಚಿತ್ರಾನ್ನದ ಫೋಟೋ ತೆಗೆಯೋ ಹೊತ್ತಿಗೆ ಮಾರುಕಟ್ಟೆಯಲ್ಲಿ ಮಾವಿನಕಾಯಿಯೇ ಬಂದಿರುತ್ತಿರಲಿಲ್ಲ. ದೀಪಾವಳಿ ವಿಶೇಷಾಂಕದ ಕಜ್ಜಾಯ ಜಡಿಮಳೆಯಲ್ಲಿ ಬೇಯುತ್ತಿತ್ತು.

ಸೇರಿದ ಹೊಸದರಲ್ಲಿ ಒಂದು ಅಡುಗೆಯ ಬರಹ ತಿದ್ದಿ ಒಯ್ದು ಕೊಟ್ಟೆ. ಕಾಗುಣಿತ, ಚಿಹ್ನೆ ಎಲ್ಲ ಸರಿಯಾಗಿತ್ತು. ನಮ್ಮ ಸಂಪಾದಕಿ ಕನ್ನಡಕ ಹಣೆಗೇರಿಸಿಕೊಂಡು, "ಒಂದು ಹಿಡಿ ಅಕ್ಕಿ ಅಂತಿದೆಯಲ್ಲ, ಯಾರ ಹಿಡಿ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ನಿನ್ನ ಹಿಡಿ ಎಷ್ಟಿದೆ, ನನ್ನ ಹಿಡಿ ಎಷ್ಟಿದೆ ನೋಡು. ಇದನ್ನ ಓದೋಳು ಹೊಸದಾಗಿ ಮದುವೆಯಾಗಿ ಅತ್ತೆಮನೆಗೆ ಬಂದಿರೋ ಹುಡುಗಿ. ಕೇಳೋಕೆ ಅವಳಿಗೆ ಯಾರೂ ಇಲ್ಲ, ಅದಕ್ಕೇ ಪತ್ರಿಕೆ ಓದ್ತಿದ್ದಾಳೆ. ಅಳತೆ ಹಾಕಿ ತಾ" ಅಂತ ವಾಪಸ್ ಕೊಟ್ಟರು. ನಾನು ಪತ್ರಿಕೋದ್ಯಮ ಕಲಿತದ್ದು ಅಷ್ಟೇ. ಉಳಿದದ್ದೆಲ್ಲ ಅದರ ಅಭ್ಯಾಸ.

ಅಳತೆ ಹಾಕೋದು ಸುಲಭದ ಕೆಲಸ ಅಂತ ತಿಳೀಬೇಡಿ. ನಮ್ಮ ಕಡೆಯವರು ಪಾವು, ಚಟಾಕು ಅಂತ ಬರೆದು ಕಳಿಸುತ್ತಿದ್ದರು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಲ್ಲ. ಲೋಟ ಅಂದರೆ ಕಾಫಿ ಲೋಟವೋ ನೀರಿನ ಲೋಟವೋ ಅಂತ ಧಾರವಾಡದಿಂದ ಪತ್ರ ಬರುತ್ತಿತ್ತು. "ಮೂರು ವಿಷಲ್ ಕೂಗಿಸಿ" ಅಂತ ಬೆಂಗಳೂರಿನವರು ಬರೆಯುತ್ತಿದ್ದರು, ಓದುವವರಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಕುಕ್ಕರೇ ಇರಲಿಲ್ಲ. "ಸಣ್ಣ ಉರಿಯಲ್ಲಿಡಿ" ಅಂದರೆ ಗ್ಯಾಸಿನವರಿಗೆ ಅರ್ಥವಾಗುತ್ತೆ. ಸೌದೆ ಒಲೆಯವರಿಗೆ ಸೌದೆ ಹಿಂದಕ್ಕೆಳೆದು ಕೆಂಡದ ಮೇಲೆ ಬಿಡಿ ಅನ್ನಬೇಕು. ನಾನು ಎರಡನ್ನೂ ಸೇರಿಸುತ್ತಿದ್ದೆ. ಜಾಗ ಸಾಲಲ್ಲ ಅಂತ ಪುಟ ಕಟ್ಟುವವರು ಗೊಣಗುತ್ತಿದ್ದರು. ಜಾಹೀರಾತಿನ ಸೀರೆಗೆ ಇಡೀ ಪುಟ ಸಿಗುತ್ತೆ, ಒಲೆಗೆ ಒಂದು ಸಾಲು ಸಿಗಲ್ವಾ ಅಂತ ನಾನೂ ಗೊಣಗುತ್ತಿದ್ದೆ.

ಕಳಲೆ (ಎಳೆ ಬಿದಿರಿನ ಮೊಳಕೆ) ವಿಷಯಕ್ಕೆ ಮಾತ್ರ ಗೊಣಗಾಟ ಸಾಲದೆ ಜಗಳವೇ ಆಡಿದೆ. ಮಳೆಗಾಲದ ಸಂಚಿಕೆಗೆ ಮೂಡಿಗೆರೆ ಕಡೆಯ ಒಬ್ಬ ಹೆಣ್ಣುಮಗಳು ಮಲೆನಾಡಿನ ಅಡುಗೆ ಕಳಿಸಿದ್ದರು. ಕಳಲೆ ಪಲ್ಯ, ಮರಗೆಸದ (ಮರದ ಮೇಲೆ ಬೆಳೆಯುವ ಕೆಸುವಿನ) ಪತ್ರೊಡೆ, ಏಡಿ ಸಾರು. ಬರವಣಿಗೆ ಬಹಳ ಚೆಂದ. ಕಳಲೆ ಪಲ್ಯದ್ದು "ಕಳಲೆಯನ್ನು ಸಣ್ಣಗೆ ಹೆಚ್ಚಿಕೊಂಡು ಒಗ್ಗರಣೆಗೆ ಹಾಕಿ" ಅಂತ ಶುರು. ಮಲೆನಾಡಿನವರಿಗೆ ಅದು ಸರಿಯೇ, ಅವರ ಮನೆಯಲ್ಲಿ ಕಳಲೆ ಅಂದರೇ ಹೆಚ್ಚಿ, ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ ಇಟ್ಟಿರೋದು. ಅದನ್ನೂ ಬರೀಬೇಕು ಅಂತ ಅವರಿಗೆ ಹೊಳೆದೇ ಇಲ್ಲ. ಆದರೆ ಹಸಿ ಬಿದಿರಿನ ಮೊಳಕೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತೆ. ಚಿತ್ರದುರ್ಗದ ಕಡೆ ಯಾರೋ ಪತ್ರಿಕೆ ನೋಡಿಕೊಂಡು ಹಸೀದನ್ನೇ ಬಾಣಲೆಗೆ ಹಾಕಿದರೆ? ನಮ್ಮ ಆಫೀಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಆಲೂರಿನವಳಾದ್ದರಿಂದ ನನಗೆ ಗೊತ್ತಿತ್ತು. ಪುಟ ಆಗಲೇ ಅಂಟಿಸಿ ಆಗಿತ್ತು. ಒಡೆಸಿದೆ. ಮರಗೆಸಕ್ಕೂ ಹಾಗೇ, ಹುಣಸೆಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತೆ ಅಂತ ಒಂದು ಸಾಲು ಸೇರಿಸಿದೆ. ಅದೇ ಕಟ್ಟಡದಲ್ಲಿ ರಾಜಕೀಯ ಬರೆಯುತ್ತಿದ್ದವರೊಬ್ಬರು ನಮ್ಮ ವಿಭಾಗಕ್ಕೆ "ಉಪ್ಪಿನಕಾಯಿ ಡಿಪಾರ್ಟ್‌ಮೆಂಟ್" ಅಂತ ಹೆಸರಿಟ್ಟಿದ್ದರು. ಮಂತ್ರಿ ಮಂಡಲ ಇಂಥ ದಿನ ವಿಸ್ತರಣೆ ಅಂತ ಅವರು ಬರೆದದ್ದು ಸುಳ್ಳಾದರೆ ಮಾರನೇ ದಿನ ಇನ್ನೊಂದು ಬರೆದರಾಯಿತು. ನಮ್ಮ ಪುಟದಲ್ಲಿ ಸೋಡಾ ಪುಡಿಯ ಅಳತೆ ತಪ್ಪಿದ್ದರೆ ಭಾನುವಾರ ಮಧ್ಯಾಹ್ನದೊಳಗೆ ನಾಡಿನ ಎಷ್ಟೋ ಮನೆಗಳಲ್ಲಿ ಗೊತ್ತಾಗಿಬಿಡುತ್ತಿತ್ತು.

ಇದನ್ನೆಲ್ಲ ನಾವೇ ಮೊದಲು ಮಾಡಿದೆವು ಅಂತ ಆಗ ನನಗೆ ಜಂಬವಿತ್ತು. ಆಮೇಲೆ ತಿಳಿಯಿತು, ನಂಜನಗೂಡು ತಿರುಮಲಾಂಬ ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲೇ ನಂಜನಗೂಡಿನಲ್ಲಿ ಕೂತು ‘ಕರ್ನಾಟಕ ನಂದಿನಿ’ ಅನ್ನೋ ಮಹಿಳಾ ಪತ್ರಿಕೆ ನಡೆಸಿದ್ದರು ಅಂತ. ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ‘ಸರಸ್ವತಿ’ಯನ್ನು ನಲವತ್ತು ವರ್ಷ ನಡೆಸಿದರು. ಇಬ್ಬರೂ ಬಾಲವಿಧವೆಯರು. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ, ನಾನು ಕೆಲಸಕ್ಕೆ ಸೇರುವ ಎರಡೇ ವರ್ಷ ಮೊದಲು. ನಮ್ಮ ಆಫೀಸಿನ ಗೋಡೆಯ ಮೇಲೆ ಎಷ್ಟೋ ಗಂಡಸರ ಫೋಟೋಗಳಿದ್ದವು. ಆ ಇಬ್ಬರದೂ ಇರಲಿಲ್ಲ.

ಕೆಲವು ವರ್ಷ ಆದಮೇಲೆ ನನಗೆ ಕಾನೂನು ಪುಟವನ್ನೂ ಕೊಟ್ಟರು. ಅಡುಗೆಯವಳಿಗೆ ಕಾನೂನು ಯಾಕೆ ಅಂತ ನಾನೇ ಕೇಳಿದ್ದಕ್ಕೆ ಸಂಪಾದಕಿ, "ಎರಡೂ ಒಂದೇ, ಬಿಟ್ಟಿರೋದನ್ನ ಹುಡುಕು" ಅಂದರು.

ನಿಜಕ್ಕೂ ಒಂದೇ ಆಗಿತ್ತು. ನಮಗೆ ಬರೆಯುತ್ತಿದ್ದ ಲಾಯರಮ್ಮ ಬಹಳ ತಿಳಿದವರು, ಕಲಂ ಸಂಖ್ಯೆ ಸಮೇತ ಬರೆಯುತ್ತಿದ್ದರು. "ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕಿದೆ" ಅಂತ ಮುಗಿಸುತ್ತಿದ್ದರು. ನಾನು ಫೋನ್ ಮಾಡಿ "ಆಮೇಲೆ?" ಅನ್ನುತ್ತಿದ್ದೆ. ಹಕ್ಕಿದೆ ಸರಿ, ಸೋಮವಾರ ಬೆಳಿಗ್ಗೆ ಎದ್ದು ಅವಳು ಎಲ್ಲಿಗೆ ಹೋಗಬೇಕು? ಯಾವ ಕಾಗದ ಕೇಳಬೇಕು? ಪಹಣಿ ಎಲ್ಲಿ ಸಿಗುತ್ತೆ, ವಂಶವೃಕ್ಷ ಯಾರು ಕೊಡುತ್ತಾರೆ, ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡೋದು) ಆಗುವಾಗ ಅವಳ ಹೆಸರು ಬಿಟ್ಟಿದ್ದರೆ ಯಾರಿಗೆ ತಕರಾರು ಕೊಡಬೇಕು? ಪಿತ್ರಾರ್ಜಿತ ಯಾವುದು, ಅಪ್ಪನ ಸ್ವಯಾರ್ಜಿತ ಯಾವುದು? ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಿಗೆ ವಿಲ್ ಬರೆಯದೇ ತೀರಿಕೊಂಡರೆ ಮಗಳಿಗೂ ಸಮಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇತ್ತು. ಅದು ಗೊತ್ತಿದ್ದವರೇ ಕಡಿಮೆ. ಲಾಯರಮ್ಮ ಮೊದಲು ಸಿಟ್ಟಾದರು, ಆಮೇಲೆ ಅವರೇ ಬರಹದ ಕೊನೆಗೆ "ಹೋಗುವಾಗ ಒಯ್ಯಬೇಕಾದ ಕಾಗದಗಳು" ಅಂತ ಪಟ್ಟಿ ಹಾಕಿ ಕಳಿಸತೊಡಗಿದರು.

ಆ ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೇ ಹುಟ್ಟಿನಿಂದ ಹಕ್ಕು. ಆದರೆ ಆ ತಾರೀಖಿಗೆ ಮೊದಲೇ ಮದುವೆಯಾದವಳಿಗೆ ಇಲ್ಲ. ಆ ಒಂದು ಸಾಲಿನ ಮೇಲೆ ಬಂದಷ್ಟು ಪತ್ರಗಳು ಇನ್ಯಾವುದಕ್ಕೂ ಬರಲಿಲ್ಲ. ಕಾಫಿ ಸೀಮೆಯ ಒಂದು ಪತ್ರ ಈಗಲೂ ನೆನಪಿದೆ. ಅಕ್ಕನ ಮದುವೆ ಆಗಿದ್ದು ತಿದ್ದುಪಡಿಗೆ ಮೊದಲು, ತಂಗಿಯದು ಆಮೇಲೆ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಒಮ್ಮೆಲೇ ರೇಟು ಏರಿದ ಕಾಲ ಅದು, ತೋಟದ ಬೆಲೆ ಎಲ್ಲರಿಗೂ ಗೊತ್ತಾಗಿತ್ತು. ತಂಗಿಗೆ ಪಾಲಿದೆ, ಅಕ್ಕನಿಗಿಲ್ಲ. ಬರೆದವಳು ಅಕ್ಕ. ತನಗೆ ಯಾಕಿಲ್ಲ ಅಂತ ಅವಳು ಕೇಳಿರಲಿಲ್ಲ. "ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿ ಹತ್ರ ಸೈನ್ ಹಾಕಿಸಿಕೊಳ್ತಾರೆ, ಬೇಡ ಅಂತ ಅವಳಿಗೆ ಹೇಗೆ ಹೇಳಲಿ? ಅವಳೂ ನಿಮ್ಮ ಪತ್ರಿಕೆ ಓದ್ತಾಳೆ, ನೀವೇ ಹೇಳಿ" ಅಂತ ಕೇಳಿದ್ದಳು. ಹೇಳಿದೆವು. ಓದದೇ ಯಾವುದಕ್ಕೂ ಸಹಿ ಹಾಕಬೇಡಿ, ನೋಂದಣಿ ಕಚೇರಿಗೆ ಕರೆದೊಯ್ದರೆ ಯಾವ ಪತ್ರ ಅಂತ ಮೊದಲು ಕೇಳಿ, ನಕಲು ಮನೆಗೆ ತಂದು ಓದಿಸಿ ಅಂತ ದಪ್ಪಕ್ಷರದಲ್ಲಿ ಹಾಕಿದೆವು. ಊರು, ತೋಟ, ಕಾಫಿ ಎಲ್ಲ ತೆಗೆದು ತೆಂಗಿನ ತೋಟ ಮಾಡಿ ಅರಸೀಕೆರೆ ಕಡೆಯ ಕಥೆ ಅನ್ನಿಸುವ ಹಾಗೆ ಬರೆದೆ. ಹೆಸರೊಂದನ್ನು ಬದಲಿಸಿದರೆ ಸಾಲದು, ಬೆಳೆಯನ್ನೂ ಬದಲಿಸಬೇಕು ಅನ್ನೋದು ನಮ್ಮ ಪುಟದ ನಿಯಮವಾಗಿತ್ತು.

2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ತಾರೀಖಿನ ಆ ಗೋಡೆ ಬಿತ್ತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ನೋಂದಣಿಯಾದ ಆಸ್ತಿ ವಿಭಾಗಗಳು ಹಾಗೇ ಉಳಿದವು. ಮಗಳಿಗೆ ಆ ಹಕ್ಕು ಸಿಗಬೇಕಾದರೆ ಅಪ್ಪ 2005ಕ್ಕೆ ಬದುಕಿರಬೇಕೋ ಬೇಡವೋ ಅನ್ನುವ ಗೊಂದಲ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಬದುಕಿರಬೇಕಿಲ್ಲ ಅಂತ ಹೇಳುವ ತನಕ ಎಳೆಯಿತು. ಆ ಹೊತ್ತಿಗೆ ನಾನು ನಿವೃತ್ತಳಾಗಿ ಹಾಸನಕ್ಕೆ ಬಂದು, ಕೆ.ಆರ್. ಪುರಂನಲ್ಲಿ ಮನೆ ಮಾಡಿದ್ದೆ. ಕೊರೊನಾ ಕಾಲ, ಹೊರಗೆ ಹೋಗುವ ಹಾಗಿಲ್ಲ. ತೀರ್ಪಿನ ಸುದ್ದಿ ಟಿ.ವಿ.ಯಲ್ಲಿ ಕೇಳಿ, ಬರೆಯೋಕೆ ಪುಟವಿಲ್ಲವಲ್ಲ ಅಂತ ಕೈ ಹಿಸುಕಿಕೊಂಡೆ.

ಪತ್ರಗಳ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಎಷ್ಟೋ ಪತ್ರಗಳಲ್ಲಿ ಬರೆದವರ ವಿಳಾಸ ಅವರ ಮನೆಯದಾಗಿರುತ್ತಿರಲಿಲ್ಲ. ಟೈಲರ್ ಅಂಗಡಿ, ಅಂಗನವಾಡಿ ಟೀಚರು, ಹಾಲಿನ ಡೈರಿ. ಮನೆಗೆ ಬಂದ ಪತ್ರ ಬೇರೆಯವರು ಒಡೆಯುತ್ತಾರೆ ಅನ್ನುವ ಭಯ. "ಉತ್ತರ ಪತ್ರಿಕೆಯಲ್ಲೇ ಕೊಡಿ, ದಯವಿಟ್ಟು ಮನೆಗೆ ಬರೀಬೇಡಿ" ಅಂತ ಕೆಳಗೆ ಗೆರೆ ಎಳೆದಿರುತ್ತಿತ್ತು. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಆಗಿ, ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸೀಟು ಮೀಸಲಾದಾಗ ಬೇರೆ ಥರದ ಪತ್ರಗಳು ಶುರುವಾದವು. "ನಾನು ಮೆಂಬರ್ ಆಗಿದೀನಿ, ಮೀಟಿಂಗಿಗೆ ನಮ್ಮ ಯಜಮಾನ್ರು ಹೋಗ್ತಾರೆ, ರಿಜಿಸ್ಟರು ಮನೆಗೆ ಬರುತ್ತೆ, ನಾನು ಸೈನ್ ಹಾಕ್ತೀನಿ." ಹೆಣ್ಣುಮಕ್ಕಳ ರಾಜಕೀಯ ಪ್ರವೇಶದ ಮೇಲೆ ದೊಡ್ಡ ಲೇಖನಗಳನ್ನು ದಿನಪತ್ರಿಕೆಗಳು ಹಾಕುತ್ತಿದ್ದವು. ನಾವು ಮೀಟಿಂಗಿಗೆ ಹೋಗೋದು ಹೇಗೆ ಅಂತ ಹಾಕಿದೆವು. ನೋಟಿಸ್ ನಿಮ್ಮ ಹೆಸರಿಗೇ ಬರಬೇಕು. ನಡಾವಳಿ ಪುಸ್ತಕದಲ್ಲಿ ಬರೆದಿರೋದನ್ನ ಓದಿಸಿಕೊಂಡು ಸೈನ್ ಹಾಕಿ. ಖಾಲಿ ಪುಟಕ್ಕೆ ಹಾಕಬೇಡಿ. ಕುರ್ಚಿ ಇದ್ದರೆ ಕುರ್ಚಿಯಲ್ಲೇ ಕೂತುಕೊಳ್ಳಿ. ಕೊನೆಯ ಸಾಲು ನನ್ನದು, ಅದನ್ನು ತೆಗೆಯೋಣ ಅಂದರು, ನಾನು ಬಿಡಲಿಲ್ಲ. ಈಗ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರದು. ಕುರ್ಚಿಯ ಬಗ್ಗೆ ಬರೆದ ಆ ಸಾಲು ಈಗಲೂ ಕೆಲವು ಕಡೆ ಬೇಕಾಗುತ್ತೆ.

ಮಹಿಳಾ ಪತ್ರಿಕೆಗಳ ಮೇಲೆ ಒಂದು ಆರೋಪ ಯಾವಾಗಲೂ ಇತ್ತು, ಹೆಂಗಸರನ್ನ ಅಡುಗೆಮನೆಯಲ್ಲೇ ಕೂರಿಸುತ್ತಾರೆ ಅಂತ. ಗೋಷ್ಠಿಗಳಲ್ಲಿ ನನ್ನೆದುರೇ ಹೇಳಿದ್ದಾರೆ. ಅದರಲ್ಲಿ ಸುಳ್ಳೇನಿಲ್ಲ. ಬಿಳಿ ಬಣ್ಣ ಬರಿಸುವ ಕ್ರೀಮಿನ ಜಾಹೀರಾತಿನ ಹಿಂದಿನ ಪುಟದಲ್ಲೇ ಹೆಣ್ಣಿನ ಸ್ವಾಭಿಮಾನದ ಲೇಖನ ಇರುತ್ತಿತ್ತು, ಅದಕ್ಕೆ ನಾನು ಸಮಜಾಯಿಷಿ ಕೊಡೋಕೆ ಹೋಗಲ್ಲ. ಧಾರಾವಾಹಿಗಳಲ್ಲಿ ಅಳು ಕೊಂಚ ಹೆಚ್ಚೇ ಇತ್ತು. ಆದರೆ ಪತ್ರಿಕೆ ಮನೆಯೊಳಗೆ ಬರುತ್ತಿದ್ದದ್ದೇ ಅಡುಗೆ, ಹೆಣಿಗೆ, ರಂಗೋಲಿಯ ಹೆಸರಲ್ಲಿ. ವಂಶವೃಕ್ಷದ ಪಟ್ಟಿಯೂ ಅದರ ಜೊತೆಗೇ ಒಳಗೆ ಬರುತ್ತಿತ್ತು. ಬರೀ ಕಾನೂನಿನ ಪತ್ರಿಕೆಯಾಗಿದ್ದರೆ ಎಷ್ಟು ಮಾವಂದಿರು ಚಂದಾ ಕಟ್ಟುತ್ತಿದ್ದರು?

ಈಗ ಎಲ್ಲ ಯೂಟ್ಯೂಬು. ಸಕಲೇಶಪುರದ ಒಬ್ಬ ಹುಡುಗಿ, ನನ್ನ ಹಳೆಯ ಓದುಗರೊಬ್ಬರ ಸೊಸೆ, ಮಲೆನಾಡಿನ ಅಡುಗೆಯ ಚಾನೆಲ್ ಮಾಡಿದ್ದಾಳೆ. ಚೆನ್ನಾಗಿ ಮಾತಾಡುತ್ತಾಳೆ. "ಆಂಟಿ, ಒಂಚೂರು ನೋಡಿ ಹೇಳಿ" ಅಂತ ವಿಡಿಯೋ ಹಾಕುವ ಮೊದಲು ನನಗೆ ಕಳಿಸುತ್ತಾಳೆ. ಕಣ್ಣಳತೆಯಲ್ಲಿ ಉಪ್ಪು ಹಾಕುತ್ತಾಳೆ, ರುಚಿಗೆ ತಕ್ಕಷ್ಟು ಅಂತಾಳೆ. ಕಾಣಿಸುತ್ತಲ್ಲ ಆಂಟಿ, ಇನ್ನು ಅಳತೆ ಯಾಕೆ ಅನ್ನೋದು ಅವಳ ವಾದ. ಪಾತ್ರೆ ಎಷ್ಟು ದೊಡ್ಡದು ಅಂತ ಕಾಣಿಸಲ್ಲ ಅನ್ನೋದು ನನ್ನದು. ಕಳೆದ ಮಳೆಗಾಲದ ಕಳಲೆ ವಿಡಿಯೋದಲ್ಲಿ ಮಾತ್ರ ನಾನು ಹೇಳುವ ಮೊದಲೇ ನೀರು ಚೆಲ್ಲುವುದನ್ನು ಮೂರು ದಿನವೂ ತೋರಿಸಿದ್ದಳು. ಅತ್ತೆ ಹೇಳಿಕೊಟ್ಟರಂತೆ. ಅತ್ತೆಗೆ ನಮ್ಮ ಪುಟ ಹೇಳಿಕೊಟ್ಟಿತ್ತಾ ಅಂತ ಕೇಳಿದೆ. "ಇಲ್ಲ ಆಂಟಿ, ಅವರಮ್ಮ" ಅಂದಳು. ಸರಿ.

ಒಂದು ಕೋರಿಕೆ. ಪತ್ರಿಕೆಯ ಹಳೇ ಫೈಲುಗಳು ಆಫೀಸು ಬದಲಾಯಿಸುವಾಗ ರದ್ದಿಗೆ ಹೋದವು, ಓದುಗರ ಪತ್ರಗಳೂ ಅದರ ಜೊತೆಗೆ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಪತ್ರಿಕೆಯಿಂದ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಟ್ಟುಕೊಂಡಿದ್ದು ನಾನು ಕಂಡಿದ್ದೇನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಖಾರ ಜಾಸ್ತಿ", "ನಮ್ಮನೇಲಿ ಯಾರೂ ತಿನ್ನಲಿಲ್ಲ", "ಬೆಲ್ಲ ಇನ್ನರ್ಧ ಅಚ್ಚು ಹಾಕಬೇಕು" ಅಂತೆಲ್ಲ ಬರೆದಿರುತ್ತಾರೆ. ಅಂಥ ಪುಸ್ತಕ ನಿಮ್ಮಮ್ಮನದೋ ಅಜ್ಜಿಯದೋ ಅಟ್ಟದ ಮೇಲಿದ್ದರೆ ಪುಟಗಳ ಫೋಟೋ ಹೊಡೆದು ಕಳಿಸಿ. ಪುಸ್ತಕ ನಿಮ್ಮಲ್ಲೇ ಇರಲಿ. 1994ರ ಕಾನೂನು ಪುಟ ಯಾರಾದರೂ ಅಂಟಿಸಿಟ್ಟಿದ್ದರೆ ಅದನ್ನು ಮೊದಲು ಕಳಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಏನು ಬರೆದಿದ್ದಾರೋ ಅದೂ ಕಾಣುವ ಹಾಗೆ.